ತಿಂಡಿಬೀದಿಯ ಪಂಕ್ತಿ



ಊಟವನ್ನು ಕುರಿತು ನಮ್ಮ ಹಿರಿಯರು ಮಾಡಿಟ್ಟ ಕಟ್ಟಳೆಗಳು ಬಹಳ. ಕೈಕಾಲು ತೊಳೆಯಬೇಕು, ಎಲೆಯ ಮುಂದೆ ಕುಳಿತುಕೊಳ್ಳಬೇಕು, ಮಾತು ಕಡಿಮೆಯಿರಬೇಕು, ಎಂಜಲನ್ನು ಬೆರೆಸಬಾರದು. ನಿಂತು ತಿನ್ನಬಾರದು, ನಡೆಯುತ್ತ ತಿನ್ನಬಾರದು, ಬೀದಿಯಲ್ಲಂತೂ ತಿನ್ನಲೇಬಾರದು. ಕೊನೆಯ ಈ ಮೂರು ಕಟ್ಟಳೆಗಳನ್ನೂ ಒಂದೇ ಸಂಜೆಯಲ್ಲಿ, ಒಂದೇ ತಟ್ಟೆಯನ್ನು ಕೈಯಲ್ಲಿ ಹಿಡಿದು, ಸಂತೋಷವಾಗಿ ಮುರಿಯತಕ್ಕ ಸ್ಥಳವೊಂದು ಬೆಂಗಳೂರಿನಲ್ಲಿದೆ. ಮುರಿಯುವವರು ಪುಂಡರಲ್ಲ, ಮೊಮ್ಮಕ್ಕಳ ಕೈಹಿಡಿದು ಬಂದ ಅಜ್ಜಂದಿರು, ಕಾಲೇಜಿನಿಂದ ಹಿಂದಿರುಗುವ ಹುಡುಗಿಯರು, ಕಚೇರಿ ಮುಗಿಸಿದ ಗುಮಾಸ್ತರು, ಮದುವೆಯ ಸೀರೆ ಕೊಳ್ಳಲು ಬಂದು ದಣಿದ ಸಂಸಾರಗಳು. ಆ ಬೀದಿಯಲ್ಲಿ ಏನು ದೊರೆಯುತ್ತದೆ, ಅಲ್ಲಿ ನಿಂತು ತಿನ್ನುವುದರಿಂದ ನಮ್ಮ ಸಮಾಜದಲ್ಲಿ ಏನು ಬದಲಾಗಿದೆ, ತಿನ್ನುವವರಾದ ನಮ್ಮ ಮೇಲೆ ಯಾವ ಹೊಣೆ ಬಿದ್ದಿದೆ ಎಂಬ ಮೂರು ವಿಷಯಗಳನ್ನು ಇಂದು ವಿಚಾರಮಾಡೋಣ.

ಸ್ಥಳದ ಪರಿಚಯ ಮೊದಲು ಆಗಲಿ. ೧೮೯೮ನೆಯ ಇಸವಿಯಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಬಿಟ್ಟು ಗಾಳಿ ಬೆಳಕುಗಳುಳ್ಳ ಕಡೆಯಲ್ಲಿ ಜನ ನೆಲಸಲೆಂದು ಬಸವನಗುಡಿ, ಮಲ್ಲೇಶ್ವರ ಎಂಬ ಬಡಾವಣೆಗಳು ಆ ಕಾಲದಲ್ಲಿ ಹುಟ್ಟಿದವು. ಬಸವನಗುಡಿಯ ನೆರೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ವಿಶ್ವೇಶ್ವರಪುರವಿದೆ. ಅಲ್ಲಿ ಸಜ್ಜನರಾವ್ ವೃತ್ತದ ಬಳಿಯ ಒಂದು ಗಿಡ್ಡ ಬೀದಿಯನ್ನು ಊರಿಗೆ ಊರೇ ತಿಂಡಿಬೀದಿಯೆಂದು ಕರೆಯುತ್ತದೆ. ಹಗಲಿನಲ್ಲಿ ನೋಡಿದರೆ ಅದರಲ್ಲಿ ವಿಶೇಷವೇನೂ ಕಾಣದು. ಸಂಜೆಯಾದ ಮೇಲೆ ದೀಪಗಳು ಹತ್ತುತ್ತವೆ, ಒಲೆಗಳು ಉರಿಯತೊಡಗುತ್ತವೆ, ಎರಡೂ ಕಡೆಗಳಲ್ಲಿ ಕಾವಲಿಗಳು ಕಾಯುತ್ತವೆ. ಇನ್ನೊಂದು ಗಳಿಗೆಯಲ್ಲಿ ಆ ಬೀದಿಯಲ್ಲಿ ವಾಹನಕ್ಕೆ ಎಡೆಯಿರದು. ಭುಜಕ್ಕೆ ಭುಜ ತಾಗಿಸದೆ ಮನುಷ್ಯನಿಗೂ ಎಡೆಯಿರದು.

ಮೊದಲು ಮೂಗು ಬೀದಿಯನ್ನು ಹೊಕ್ಕುತ್ತದೆ, ಆಮೇಲೆ ಕಾಲು. ಒಂದು ಕಡೆ ದೋಸೆಯ ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸಿದ ಚುಂಯ್ ಎಂಬ ಸದ್ದು. ಹಿಟ್ಟು ಸುತ್ತಿಕೊಂಡು ಹರಡುವುದನ್ನೂ, ಅದರ ಮೇಲೆ ಬೆಣ್ಣೆಯ ಮುದ್ದೆ ಜಾರುವುದನ್ನೂ ನೋಡುತ್ತ ಹತ್ತು ಜನ ನಿಂತಿರುತ್ತಾರೆ. ಪಕ್ಕದಲ್ಲಿ ಕಣಕದೊಳಗೆ ಹೂರಣವನ್ನಿಟ್ಟು ತಟ್ಟಿ, ಕಾದ ಹಂಚಿನ ಮೇಲೆ ಮಗುಚುವ ಒಬ್ಬಟ್ಟು. ಬೇಳೆಯದೂ ಉಂಟು, ಕಾಯಿಯದೂ ಉಂಟು. ಅದರಾಚೆ ಗುಳಿಗುಳಿಯ ಹಂಚಿನಲ್ಲಿ ಉಬ್ಬುವ ಪಡ್ಡು, ಅಗಲವಾದ ತಟ್ಟೆ ಇಡ್ಲಿ, ಅಕ್ಕಿರೊಟ್ಟಿ, ಬಾಣಲೆಯಲ್ಲಿ ತೇಲುವ ಮೆಣಸಿನಕಾಯಿ ಬಜ್ಜಿ. ನಿಪ್ಪಟ್ಟಿನ ಮೇಲೆ ಈರುಳ್ಳಿ, ಕ್ಯಾರೆಟ್ಟು, ಖಾರ ಸುರಿದುಕೊಡುವ ಮಸಾಲೆ ನಿಪ್ಪಟ್ಟು ಈ ಊರಿನವರ ಕಲ್ಪನೆ. ಉತ್ತರದಿಂದ ಬಂದ ಪಾನಿಪೂರಿ ಇಲ್ಲಿ ಪರಕೀಯವಲ್ಲ. ಖಾರದಿಂದ ಕಣ್ಣಲ್ಲಿ ನೀರಾಡಿದವರಿಗೆ ಬೆಣ್ಣೆಯೊಡನೆ ಕೊಡುವ ಗುಲಾಬಿಯ ಗುಲ್ಕಂದು ಸಿದ್ಧವಾಗಿದೆ. ಬಲ್ಲವರು ಒಂದು ತಟ್ಟೆಯನ್ನು ನಾಲ್ವರು ಹಂಚಿಕೊಂಡು, ಖಾರದಿಂದ ಸಿಹಿಗೆ ನಡೆದು, ಬೀದಿಯ ಕೊನೆಯನ್ನು ಮುಟ್ಟುತ್ತಾರೆ. ಅರಿಯದವರು ಮೊದಲನೆಯ ಅಂಗಡಿಯಲ್ಲಿಯೇ ಹೊಟ್ಟೆ ತುಂಬಿಸಿಕೊಂಡು ಉಳಿದದ್ದನ್ನು ಬರಿಗಣ್ಣಿನಿಂದ ನೋಡುತ್ತ ಹೋಗುತ್ತಾರೆ.

ಚಳಿಗಾಲದಲ್ಲಿ ಈ ಬೀದಿಗೆ ಬೇರೊಂದು ಕಳೆ. ಡಿಸೆಂಬರಿನಿಂದ ಮುಂದಕ್ಕೆ ಮಾಗಡಿಯ ಕಡೆಯಿಂದಲೂ ಸುತ್ತಣ ಹಳ್ಳಿಗಳಿಂದಲೂ ಸೊಗಡವರೆ ಬರುತ್ತದೆ. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಹೆಚ್ಚೆಂಬುದು ನಮ್ಮ ಸೀಮೆಯ ಗೃಹಿಣಿಯರೆಲ್ಲ ಬಲ್ಲ ಮಾತು. ಕಾಯಿಯನ್ನು ಸುಲಿದು, ಕಾಳನ್ನು ನೆನೆಹಾಕಿ, ಒಂದೊಂದನ್ನೂ ಬೆರಳಿನಿಂದ ಹಿತುಕಿ ಸಿಪ್ಪೆ ಬೇರ್ಪಡಿಸುವ ಕೆಲಸ ಮನೆಮಂದಿಯೆಲ್ಲ ಕುಳಿತರೂ ಒಂದು ಹೊತ್ತಿನದು. ಅಂಥ ಹಿತುಕಿದ ಬೇಳೆಯ ಉಪ್ಪಿಟ್ಟು, ದೋಸೆ, ಸಾರು, ಹುರಿಗಾಳುಗಳಿಗಾಗಿಯೇ ಅವರೆಬೇಳೆಯ ಮೇಳವೊಂದು ಈ ಬೀದಿಯಲ್ಲಿ ಹುಟ್ಟಿ ಬೆಳೆಯಿತು. ಜನಸಂದಣಿ ಮಿತಿಮೀರಿದ ಮೇಲೆ ಸಮೀಪದ ನ್ಯಾಷನಲ್ ಕಾಲೇಜಿನ ಮೈದಾನದಲ್ಲಿಯೂ ನಡೆಯಿತು. ಮನೆಯಲ್ಲಿ ಹಿತುಕುವ ಕೈಗಳು ಕಡಿಮೆಯಾದ ಊರಿನಲ್ಲಿ ಒಂದು ಹಳೆಯ ರುಚಿಯನ್ನು ಬೀದಿಯು ಕಾಪಾಡಿಕೊಂಡು ಬಂದಿದೆಯೆಂದರೆ ತಪ್ಪಾಗದು.

ಈ ತಟ್ಟೆಯಲ್ಲಿರುವ ಪದಾರ್ಥಗಳ ವಯಸ್ಸನ್ನು ಲೆಕ್ಕಹಾಕಿದರೂ ಸ್ವಾರಸ್ಯವಿದೆ. ಇಡ್ಲಿಯ ಹಿಂದಿನ ಹೆಸರಾದ ಇಡ್ಡಲಿಗೆ ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿಯೇ ಕಾಣಬರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಪಾಕವಿಚಾರಕ್ಕೆ ಎಡೆಯುಂಟು. ಹದಿನಾರನೆಯ ಶತಮಾನದಲ್ಲಿ ಮಂಗರಸನು ಅಡಿಗೆಗಾಗಿಯೇ ಸೂಪಶಾಸ್ತ್ರವೆಂಬ ಕಾವ್ಯವನ್ನು ಬರೆದನು. ಆದರೆ ಇಂದಿನ ಬಜ್ಜಿಯ ಮೆಣಸಿನಕಾಯಿ, ಮಸಾಲೆ ದೋಸೆಯ ಆಲೂಗೆಡ್ಡೆ, ಚಾಟಿನ ಟೊಮೇಟೊ, ಚಟ್ನಿಯ ಕಡಲೆಕಾಯಿ, ಕೆಂಡದ ಮೇಲಿನ ಮುಸುಕಿನ ಜೋಳ ಇವೆಲ್ಲವೂ ಅಮೆರಿಕಾ ಖಂಡದ ಬೆಳೆಗಳು. ಪೋರ್ಚುಗೀಸರು ಬಂದ ಮೇಲೆ ಈ ದೇಶವನ್ನು ಕಂಡವು. ಕೆಂಪಗೆ ಹೊಳೆಯುವ ಗೋಬಿ ಮಂಚೂರಿಯಂತೂ ಚೀನಾದವರಿಗೂ ತಿಳಿಯದ ಚೀನೀ ತಿಂಡಿ; ಆ ಹೆಸರಿನ ಅಡಿಗೆ ೧೯೭೦ರ ದಶಕದಲ್ಲಿ ಮುಂಬಯಿಯಲ್ಲಿ ಹುಟ್ಟಿತೆಂದು ಹೇಳುತ್ತಾರೆ. ನಮ್ಮ ನಾಲಗೆ ತನ್ನದೆಂದು ಹಟಹಿಡಿಯುವ ರುಚಿಗಳಲ್ಲಿ ಅರ್ಧದಷ್ಟು ಹೀಗೆ ಅತಿಥಿಗಳಾಗಿ ಬಂದು ಮನೆಯವರಾದವು. ಪದಾರ್ಥಗಳಿಗೆ ನಾವು ತೋರಿಸಿದ ಈ ಔದಾರ್ಯವನ್ನು ಮನುಷ್ಯರಿಗೆ ತೋರಿಸಲು ಬಹಳ ತಡಮಾಡಿದೆವು. ಇದೇ ನಾವು ಹೇಳಬೇಕೆಂದಿರುವ ಎರಡನೆಯ ವಿಷಯ.

ನಮ್ಮ ಮನೆಗಳಲ್ಲಿ ಮುಸುರೆಯೆಂಬ ಮಾತೊಂದಿದೆ. ನೀರಿನಲ್ಲಿ ಬೆಂದ ಅನ್ನ, ಸಾರು, ಹುಳಿಗಳು ಮುಸುರೆ. ಹಣ್ಣು, ಬೆಲ್ಲ, ಪುರಿ, ಹುರಿಗಡಲೆ, ಅವಲಕ್ಕಿಗಳು ಮುಸುರೆಯಲ್ಲ. ಮನೆಯಿಂದ ಮನೆಗೆ ವಿವರಗಳು ಬೇರೆಯಾದರೂ ಅದರ ತಾತ್ಪರ್ಯ ಒಂದೇ: ಹುರಿದದ್ದನ್ನು ಯಾರ ಕೈಯಿಂದಲಾದರೂ ಕೊಳ್ಳಬಹುದು, ಬೆಂದ ಅನ್ನವನ್ನು ತನ್ನವರ ಕೈಯಿಂದ ಮಾತ್ರ ಉಣ್ಣಬೇಕು. ಹಾಗೆಂದೇ ಜಾತ್ರೆ ಪರಿಷೆಗಳಲ್ಲಿ ಪುರಿ, ಬತ್ತಾಸು, ಕಡಲೆಗಳಿಗೆ ಯಾರ ಅಡ್ಡಿಯೂ ಇರಲಿಲ್ಲ. ಈ ತಿಂಡಿಬೀದಿಗೆ ಸ್ವಲ್ಪ ದೂರದಲ್ಲಿಯೇ, ಕಾರ್ತಿಕಮಾಸದ ಕೊನೆಯ ಸೋಮವಾರ, ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ ನಡೆಯುತ್ತದೆ. ಹುರಿದ ಕಡಲೆಕಾಯಿಯನ್ನು ಬೀದಿಯಲ್ಲಿ ಬಿಡಿಸಿ ತಿನ್ನಲು ಎಂಥ ಮಡಿವಂತರೂ ಅನುಮಾನಿಸಿದವರಲ್ಲ. ಅಡ್ಡಿಯಿದ್ದುದು ಅನ್ನಕ್ಕೆ, ಇನ್ನೂ ಸರಿಯಾಗಿ ಹೇಳುವುದಾದರೆ, ಅನ್ನವನ್ನು ಬಡಿಸುವ ಕೈಗೆ, ಪಕ್ಕದಲ್ಲಿ ಕುಳಿತುಕೊಳ್ಳುವ ಮೈಗೆ.

ಊರುಗಳಲ್ಲಿ ಹೋಟೆಲುಗಳು ಹುಟ್ಟಿದಾಗ ಈ ಗೋಡೆ ಒಮ್ಮೆಗೇ ಬೀಳಲಿಲ್ಲ. ಒಂದು ಜಾತಿಯ ಹೆಸರನ್ನು ಬರೆದ ಹಲಗೆಗಳು ಬಾಗಿಲ ಮೇಲೆ ತೂಗಾಡಿದವು. ಒಳಗೆ ಬೇರೆ ಕೋಣೆ, ಬೇರೆ ಲೋಟ. ಫಲಾಹಾರ ಮಂದಿರವೆಂಬ ಹೆಸರೇ ಎಷ್ಟು ಜಾಣತನದ್ದೆಂಬುದನ್ನು ಗಮನಿಸಿರಿ: ಇಲ್ಲಿ ತಿನ್ನುವುದು ಊಟವಲ್ಲ, ಫಲಾಹಾರ ಮಾತ್ರ ಎಂದು ಅದು ಮನಸ್ಸಿಗೆ ಸಮಾಧಾನ ಹೇಳುತ್ತಿತ್ತು. ಎಷ್ಟೋ ಜನರಿಗೆ ಆ ಹಲಗೆಯ ಕೆಳಗೆ ಹಾಯುವ ಹಕ್ಕೇ ಇರಲಿಲ್ಲ; ಹೊರಗೆ ನಿಂತು, ಎತ್ತರದಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿಯಬೇಕಾಗಿತ್ತು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯಾಂಗವು ತನ್ನ ಹದಿನೈದನೆಯ ವಿಧಿಯಲ್ಲಿ ಅಂಗಡಿಗಳಿಗೂ ಸಾರ್ವಜನಿಕ ಉಪಾಹಾರಗೃಹಗಳಿಗೂ ಪ್ರವೇಶಿಸುವ ವಿಷಯದಲ್ಲಿ ಜಾತಿಮತಗಳ ಅಡ್ಡಿಯನ್ನು ನಿಷೇಧಿಸಿತು. ಹದಿನೇಳನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. ೧೯೫೫ರ ಕಾಯಿದೆಯು ಅದಕ್ಕೆ ಶಿಕ್ಷೆಯನ್ನು ವಿಧಿಸಿತು. ಉಪಾಹಾರಗೃಹದ ಹೆಸರು ದೇಶದ ಮೂಲ ಶಾಸನದೊಳಗೆ ಸೇರಬೇಕಾಯಿತೆಂದರೆ ತಿನ್ನುವ ಜಾಗದ ನೋವು ಎಷ್ಟು ಆಳವಾದದ್ದೆಂಬುದು ತಿಳಿಯುತ್ತದೆ.

ಕಾನೂನು ಬಾಗಿಲನ್ನು ತೆರೆಯಿತು. ಬೀದಿಗೆ ಬಾಗಿಲೇ ಇಲ್ಲ. ಇಂದು ತಿಂಡಿಬೀದಿಯಲ್ಲಿ ಬಿಸಿಬೇಳೆ ಭಾತು, ಚಿತ್ರಾನ್ನಗಳು ಬಜ್ಜಿಯ ಪಕ್ಕದಲ್ಲಿಯೇ ಬಿಕರಿಯಾಗುತ್ತವೆ. ಮುಸುರೆಯ ಗೆರೆ ಎಲ್ಲಿ ಅಳಿಸಿಹೋಯಿತೋ ಯಾರೂ ಕಾಣರು. ಪಂಕ್ತಿಯೆಂದರೆ ಒಂದೇ ಸಾಲಿನಲ್ಲಿ ಕುಳಿತುಣ್ಣುವುದು; ಯಾರು ಮೇಲೆ, ಯಾರು ಕೆಳಗೆ, ಯಾರು ಹೊರಗೆ ಎಂಬುದನ್ನು ಅದು ತೋರಿಸುತ್ತಿತ್ತು. ಬೀದಿಯ ಪಂಕ್ತಿಯಲ್ಲಿ ಮೊದಲು ಬಂದವನಿಗೆ ಮೊದಲು. ದೋಸೆ ಹುಯ್ಯುವವನು ಹೆಸರು ಕೇಳುವುದಿಲ್ಲ, ಗೋತ್ರ ಕೇಳುವುದಿಲ್ಲ. ಖಾರ ಹೆಚ್ಚೋ ಕಡಿಮೆಯೋ ಎಂದಷ್ಟೇ ಕೇಳುತ್ತಾನೆ.

ಇನ್ನೊಂದು ಬದಲಾವಣೆಯನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ. ಮನೆಯಲ್ಲಿ ದೋಸೆ ಮಾಡುವ ತಾಯಿ ಎಲ್ಲರಿಗೂ ಬಿಸಿಬಿಸಿಯಾಗಿ ಹಾಕಿ, ಕೊನೆಗೆ ಉಳಿದ ಹಿಟ್ಟಿನಲ್ಲಿ ಒಂದನ್ನು ಹುಯ್ದುಕೊಂಡು, ಒಲೆಯ ಪಕ್ಕದಲ್ಲಿ, ಆರಿದ ಪಲ್ಯದೊಡನೆ ತಿನ್ನುತ್ತಾಳೆ. ಎಷ್ಟೋ ಮನೆಗಳಲ್ಲಿ ಇದು ಇಂದಿಗೂ ನಡೆದುಬಂದಿದೆ. ಅದೇ ತಾಯಿ ಈ ಬೀದಿಯಲ್ಲಿ ನಿಂತಾಗ ಕಾವಲಿಯಿಂದ ನೇರವಾಗಿ ಬಂದ ದೋಸೆ ಅವಳ ಕೈಗೆ ಸೇರುತ್ತದೆ. ಯಾರಿಗೂ ಬಡಿಸಬೇಕಾಗಿಲ್ಲ, ಯಾರಿಗಾಗಿಯೂ ಕಾಯಬೇಕಾಗಿಲ್ಲ. ಹೆಂಗಸರು ಬೀದಿಯಲ್ಲಿ ನಿಂತು ತಿನ್ನುವುದನ್ನು ಅಗೌರವವೆಂದು ಹಳಿಯುವವರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರು ತಮ್ಮ ಮನೆಯ ಅಡಿಗೆಮನೆಯಲ್ಲಿ ಬಿಸಿ ದೋಸೆ ಯಾರಿಗೆ, ಕೊನೆಯ ದೋಸೆ ಯಾರಿಗೆ ಎಂಬುದನ್ನು ಮೊದಲು ನೋಡಿ ಬರಲಿ.

ಹಾಗೆಂದು ಬೀದಿಯ ಪಂಕ್ತಿ ಪೂರ್ಣವಾಯಿತೆಂದು ಹೇಳಲಾಗದು. ತಿನ್ನುವವರ ಸಾಲಿನಲ್ಲಿ ಭೇದ ಕರಗಿರಬಹುದು; ಬೀದಿಯ ಹಿಂಬದಿಗೆ ಹೋಗಿ ನೋಡಿರಿ. ಬಕೆಟ್ಟಿನ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ತಟ್ಟೆ ತೊಳೆಯುವವರು, ಅಂಗಡಿಗಳು ಮುಚ್ಚಿದ ಮೇಲೆ ಎಲೆ ಕಾಗದಗಳ ರಾಶಿಯನ್ನು ಬಳಿಯುವ ಪೌರಕಾರ್ಮಿಕರು ಯಾರು? ಆ ಕೆಲಸ ಇನ್ನೂ ಹಳೆಯ ಸಾಲಿನಲ್ಲಿಯೇ ಹಂಚಿಕೆಯಾಗಿದೆ. ಒಟ್ಟಿಗೆ ತಿನ್ನುವುದನ್ನು ಕಲಿತೆವು. ತಿಂದ ಮೇಲಿನ ಕೊಳೆಯನ್ನು ಒಟ್ಟಿಗೆ ಹೊರುವುದನ್ನು ಇನ್ನೂ ಕಲಿಯಬೇಕಾಗಿದೆ.

ಮೂರನೆಯದಾಗಿ ನಮ್ಮ ಹೊಣೆಯ ಮಾತು. ಬೀದಿಯ ತಿಂಡಿಗೆ ಆಧಾರ ವಿಶ್ವಾಸ. ಮನೆಯಲ್ಲಿ ಅಡಿಗೆಯವರನ್ನು ಬಲ್ಲೆವು. ಇಲ್ಲಿ ಬಲ್ಲೆವೆಂಬುದು ಕಣ್ಣಿಗೆ ಕಂಡದ್ದಷ್ಟೇ. ಕಣ್ಣಿಗೆ ಕಾಣುವಂತೆ ಬೇಯಿಸುವುದು ಈ ಬೀದಿಯ ದೊಡ್ಡ ಗುಣ. ಗೋಡೆಯ ಹಿಂದೆ ಬೇಯಿಸುವ ದೊಡ್ಡ ಹೋಟೆಲಿಗೆ ಅದು ಇಲ್ಲ. ಆದರೆ ಕಣ್ಣು ಕಾಣದ್ದೂ ಕೆಲವಿದೆ. ಹಿಂದಿನ ಕಾಲದವರು ಬಣ್ಣವನ್ನು ನೋಡಿ ಪಾಕವನ್ನು ಅಳೆಯುತ್ತಿದ್ದರು. ಈಗ ಬಣ್ಣವೇ ಮೋಸಮಾಡುತ್ತದೆ. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಯ ೧೭೧ ಮಾದರಿಗಳನ್ನು ಪರೀಕ್ಷೆಮಾಡಿಸಿದಾಗ ೧೦೭ರಲ್ಲಿ ತಿನ್ನಬಾರದ ಕೃತಕ ಬಣ್ಣವು ಕಂಡುಬಂದಿತು. ಬೊಂಬಾಯಿ ಮಿಠಾಯಿಯಲ್ಲಿ ದೊರೆತ ರೋಡಮೈನ್ ಬಿ ಎಂಬುದು ಬಟ್ಟೆಗೆ ಹಾಕತಕ್ಕ ಬಣ್ಣ. ಸರ್ಕಾರವು ಇವುಗಳನ್ನು ನಿಷೇಧಿಸಿತು. ನಿಷೇಧ ನ್ಯಾಯವೇ, ಆದರೆ ಹೆಚ್ಚು ಕೆಂಪಾದದ್ದೇ ಹೆಚ್ಚು ರುಚಿಯೆಂದು ಬೆರಳು ತೋರಿಸಿ ಕೇಳಿದವರು ಯಾರು? ಕೊಳ್ಳುವವನ ಕಣ್ಣು ಬಯಸಿದ ಬಣ್ಣವನ್ನು ಮಾರುವವನ ಕೈ ಬೆರೆಸಿತು.

ವಿದ್ಯಾವಂತರಾದ ನಾವು ನೆನಪಿನಲ್ಲಿಡತಕ್ಕ ಕೆಲವು ಸಂಗತಿಗಳಿವೆ. ರೋಗಾಣುಗಳು ಶಾಖದ ೫ನೆಯ ಡಿಗ್ರಿಯಿಂದ ೬೦ನೆಯ ಡಿಗ್ರಿಯವರೆಗಿನ ಎಡೆಯಲ್ಲಿ ಬೇಗ ಹೆಚ್ಚುತ್ತವೆ. ಆದಕಾರಣ ಕಣ್ಣೆದುರಿನಲ್ಲಿ ಕಾವಲಿಯಿಂದಿಳಿದ ರೊಟ್ಟಿಗೆ ಅಂಜಬೇಕಾದ ಕಾರಣ ಕಡಿಮೆ. ಅಂಜಬೇಕಾದದ್ದು ಮಧ್ಯಾಹ್ನವೇ ಬೆಂದು ಉಗುರುಬೆಚ್ಚಗೆ ಕುಳಿತ ಅನ್ನಕ್ಕೆ. ಅನ್ನದಲ್ಲಿರತಕ್ಕ ಒಂದು ಬಗೆಯ ಬೀಜಾಣುಗಳು ಕುದಿದರೂ ಸಾಯದೆ, ಆರುತ್ತ ಕುಳಿತಾಗ ಮತ್ತೆ ಚಿಗುರುತ್ತವೆ. ಪಾನಿಪೂರಿಯ ಪೂರಿ ಕರಿದದ್ದು, ಆದರೆ ಪಾನಿ ಬೇಯಿಸದ ನೀರು. ಆ ನೀರು ಎಲ್ಲಿಂದ ಬಂತೆಂದು ಕೇಳುವುದರಲ್ಲಿ ಸಂಕೋಚವೇಕೆ? ಕರಿಯುವ ಎಣ್ಣೆಯು ಮತ್ತೆ ಮತ್ತೆ ಕಾದು ಕೆಟ್ಟಾಗ ಅದರಲ್ಲಿ ಸೇರುವ ಪದಾರ್ಥಗಳು ಶೇಕಡ ೨೫ನ್ನು ಮೀರಬಾರದೆಂದು ೨೦೧೮ರಿಂದ ನಿಯಮವಿದೆ. ನಮ್ಮಲ್ಲಿ ಅಳೆಯುವ ಯಂತ್ರವಿಲ್ಲದಿದ್ದರೂ ಎಣ್ಣೆ ಕಪ್ಪಾಗಿ, ನೊರೆಯೆದ್ದು, ಮೂಗಿಗೆ ಕಮಟು ಹೊಡೆದರೆ ಮುಂದಿನ ಅಂಗಡಿಗೆ ನಡೆಯಬಹುದು. ಅಚ್ಚಿನ ಮಸಿಯಿರುವ ವರ್ತಮಾನಪತ್ರಿಕೆಯಲ್ಲಿ ಬಜ್ಜಿ ಕಟ್ಟಿಕೊಡುವುದಕ್ಕೂ, ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವುದಕ್ಕೂ ಕಾನೂನಿನ ಅಡ್ಡಿಯಿದೆ. ತಟ್ಟೆ ಬಟ್ಟಲುಗಳಿಗೆ ಪ್ಲಾಸ್ಟಿಕನ್ನು ಬಳಸುವುದನ್ನು ಕರ್ನಾಟಕವು ೨೦೧೬ರಲ್ಲಿಯೇ ನಿಷೇಧಿಸಿತು. ಬಾಳೆ, ಮುತ್ತುಗ, ಅಡಿಕೆಹಾಳೆಗಳ ನಾಡಿಗೆ ಈ ವಿಷಯದಲ್ಲಿ ಬಡತನವಿರಕೂಡದು.

ಇಷ್ಟೆಲ್ಲ ಕೇಳಿ, ಈ ಬೀದಿಯನ್ನು ಎತ್ತಿಸಿಬಿಟ್ಟರೆ ತೊಂದರೆಯೇ ತೀರಿತಲ್ಲ ಎನ್ನುವವರುಂಟು. ಸುತ್ತಣ ಮನೆಗಳವರ ಕಷ್ಟವೂ ಸುಳ್ಳಲ್ಲ. ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದ ಗಾಡಿಗಳು, ಹೊಗೆ, ರಾತ್ರಿಯ ಗದ್ದಲ, ಜಿಡ್ಡುಗಟ್ಟಿದ ಚರಂಡಿ ಇವುಗಳನ್ನು ದಿನವೂ ಸಹಿಸುವವರು ಅವರು. ನಾವು ತಿಂದು ಹೊರಟುಹೋಗುವವರು. ಆದರೆ ಎತ್ತಿಸುವುದೆಂದರೆ ಯಾರನ್ನು? ಬೆಳಗ್ಗೆ ಮಾರುಕಟ್ಟೆಗೆ ಹೋಗಿ ತರಕಾರಿ ತಂದು, ಮಧ್ಯಾಹ್ನ ರುಬ್ಬಿ, ಸಂಜೆ ಬೆಂಕಿಯ ಮುಂದೆ ನಿಂತು, ನಡುರಾತ್ರಿ ಪಾತ್ರೆ ಬೆಳಗುವ ಕುಟುಂಬಗಳನ್ನು. ಮಳೆ ಬಂದ ಒಂದು ಸಂಜೆ ಅವರ ಒಂದು ದಿನದ ಬಂಡವಾಳವನ್ನು ಕರಗಿಸುತ್ತದೆ. ೨೦೨೩ರಲ್ಲಿ ಈ ಬೀದಿಯನ್ನು ಅಗೆದು ದುರಸ್ತಿಮಾಡುವ ಕೆಲಸ ನಡೆದಾಗ ವ್ಯಾಪಾರ ಹೇಗೆ ಕುಂದಿತೆಂಬುದನ್ನು ಅಲ್ಲಿನವರು ಮರೆತಿಲ್ಲ.

ಇವರದು ದಯೆಯಿಂದ ನಡೆಯತಕ್ಕ ಬಾಳಲ್ಲ, ಹಕ್ಕಿನದು. ಬೀದಿಯಲ್ಲಿ ವ್ಯಾಪಾರಮಾಡುವುದೂ ಸಮಂಜಸವಾದ ನಿರ್ಬಂಧಗಳಿಗೆ ಒಳಪಟ್ಟ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು ೧೯೮೯ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತು. ೨೦೧೪ರಲ್ಲಿ ಬೀದಿ ವ್ಯಾಪಾರಿಗಳಿಗಾಗಿಯೇ ಒಂದು ಕಾಯಿದೆ ಬಂದಿತು. ಮೊದಲು ವ್ಯಾಪಾರಿಗಳ ಗಣತಿಯಾಗಬೇಕು, ಅದು ಮುಗಿಯುವತನಕ ಯಾರನ್ನೂ ಎಬ್ಬಿಸಕೂಡದು. ಪ್ರತಿ ಊರಿನಲ್ಲಿಯೂ ಪಟ್ಟಣ ವ್ಯಾಪಾರ ಸಮಿತಿಯೊಂದಿರಬೇಕು. ಅದರಲ್ಲಿ ನೂರಕ್ಕೆ ೪೦ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೂ, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರೂ ಇರಬೇಕೆಂದು ಆ ಕಾಯಿದೆ ವಿಧಿಸುತ್ತದೆ. ಕಾಯಿದೆ ಒಳ್ಳೆಯದು, ಅದು ಕಾಗದದಿಂದ ಕಲ್ಲುಹಾಸಿನ ಮೇಲಿಳಿಯಬೇಕಾದರೆ ಊರಿನ ಹಿರಿಯರು ಕೇಳಬೇಕು. ವ್ಯಾಪಾರಿಗೆ ನಲ್ಲಿಯಲ್ಲಿ ಶುದ್ಧವಾದ ನೀರು, ಕೊಳೆನೀರಿಗೆ ದಾರಿ, ಕಸಕ್ಕೆ ತೊಟ್ಟಿ, ತಿನ್ನಬಂದವರಿಗೂ ಮಾರುವವರಿಗೂ ಶೌಚಾಲಯ: ಇವು ನಾಲ್ಕನ್ನು ಕೊಟ್ಟ ಮೇಲೆ ಶುಚಿಯಿಲ್ಲದವನನ್ನು ದಂಡಿಸುವುದು ನ್ಯಾಯ, ಕೊಡದೆ ದಂಡಿಸುವುದು ಸುಲಭ, ನ್ಯಾಯವಲ್ಲ. ಈ ನಾಲ್ಕರಿಂದ ನೆರೆಮನೆಯವರ ಅರ್ಧ ದೂರು ತಾನಾಗಿಯೇ ಶಮನವಾಗುತ್ತದೆ; ಉಳಿದರ್ಧಕ್ಕೆ ನಮ್ಮ ಗಾಡಿಗಳನ್ನು ದೂರ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆದರೆ ಸಾಕು. ತಿಂಡಿಗೆ ಮುಂಚೆ ನಡೆಯುವುದು ಹಸಿವಿಗೂ ಹಿತ.

ಆದಕಾರಣ ಶ್ರೋತೃಗಳಲ್ಲಿ ನಮ್ಮ ಬಿನ್ನಹವಿಷ್ಟು. ಮುಂದಿನ ಅವರೆಯ ಕಾಲಕ್ಕೆ ಮನೆಯವರೆಲ್ಲರನ್ನೂ, ಅದರಲ್ಲಿಯೂ ಕೊನೆಯ ದೋಸೆ ತಿನ್ನುವವರನ್ನು, ಆ ಬೀದಿಗೆ ಕರೆದುಕೊಂಡು ಹೋಗಿರಿ. ಬಣ್ಣ ಕಡಿಮೆಯಿರುವ ತಿಂಡಿಯನ್ನು ಬಾಯಿಬಿಟ್ಟು ಕೇಳಿರಿ. ಎಲೆಯಲ್ಲಿ ಕೊಡುವವನ ಬಳಿ ಕೊಳ್ಳಿರಿ. ಎರಡು ರೂಪಾಯಿ ಹೆಚ್ಚೆಂದರೆ ಚೌಕಾಸಿಮಾಡಬೇಡಿರಿ. ತಿಂದ ಎಲೆಯನ್ನು ತೊಟ್ಟಿಯವರೆಗೆ ನಿಮ್ಮ ಕೈಯಿಂದಲೇ ಒಯ್ಯಿರಿ. ಅಲ್ಲಿಂದ ಹಿಂದಿರುಗುವಾಗ ತಟ್ಟೆ ತೊಳೆಯುವವರ ಬಕೆಟ್ಟಿನಲ್ಲಿರುವ ನೀರು ಹೇಗಿದೆಯೆಂದು ಒಮ್ಮೆ ಬಗ್ಗಿ ನೋಡಿರಿ. ಅದು ಕಲಕಿದ್ದರೆ ಅಂಗಡಿಯವನಿಗೆ ಒಂದು ಮಾತು, ನಗರದ ಆಡಳಿತಕ್ಕೆ ಒಂದು ಕಾಗದ. ಆ ಕಾಗದಕ್ಕೆ ನೆರೆಮನೆಯವರ ರುಜುವೂ ವ್ಯಾಪಾರಿಯ ರುಜುವೂ ಒಂದರ ಕೆಳಗೊಂದು ಬಿದ್ದರೆ ಪಂಕ್ತಿ ಇನ್ನೊಂದಿಷ್ಟು ಉದ್ದವಾದಂತಾಗುತ್ತದೆ.